ಮೆಣಸಿನಕಾಯಿ ಮಲಗೋ ಮನೆ: ಮಷೀನಿಗೆ ಜ್ವರ ಬಂದರೆ ಯಾರಿಗೆ ನಷ್ಟ?

ಬ್ಯಾಡಗಿ ಅಂದ ಕೂಡಲೇ ಹೊರಗಿನವರ ಮೂಗಿಗೆ ಘಾಟು ಬಡಿಯುತ್ತೆ. ಒಳಗಿನವರಿಗೆ ಗೊತ್ತು, ಈ ಊರಿನ ಮೆಣಸಿನಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ. ದುಡ್ಡು ಬರೋದೇ ಬಣ್ಣಕ್ಕೆ. ಆ ಬಣ್ಣ ಮಾಸದಂತೆ ಕಾಯೋದು ಊರ ಸುತ್ತಲಿನ ರಸ್ತೆಗಳ ಬದಿಗೆ ಕಿಟಕಿಯಿಲ್ಲದೆ, ಬಾಯಿ ಮುಚ್ಚಿಕೊಂಡು ನಿಂತಿರೋ ದೊಡ್ಡ ದೊಡ್ಡ ಕಟ್ಟಡಗಳು. ಕೋಲ್ಡ್ ಸ್ಟೋರೇಜ್ ಅಂತ ಬೋರ್ಡು. ಜನರ ಬಾಯಲ್ಲಿ ಬರೀ 'ಕೋಲ್ಡ್'. "ಮಾಲು ಎಲ್ಲೈತಿ?" "ಕೋಲ್ಡಿನಾಗೈತಿ." ಅಷ್ಟಕ್ಕೇ ಮಾತು ಮುಗೀತದೆ.

ಸೋಮವಾರ, ಗುರುವಾರ ಎಪಿಎಂಸಿ ಪ್ರಾಂಗಣದಲ್ಲಿ ಟೆಂಡರ್ ದರ ಎಷ್ಟಾಯ್ತು ಅನ್ನೋದನ್ನು ಚಹಾದಂಗಡಿಯಿಂದ ಹಿಡಿದು ಬಸ್ ಸ್ಟ್ಯಾಂಡಿನ ತನಕ ಎಲ್ಲರೂ ಕೇಳುತ್ತಾರೆ. ಕೋಲ್ಡಿನ ಕಂಪ್ರೆಸರ್ ಬಿಚ್ಚಿ ಎಷ್ಟು ವರ್ಷವಾಯ್ತು, ಕಂಡೆನ್ಸರ್ ತೊಳೆದಿದ್ದು ಯಾವಾಗ ಅಂತ ಮಾತ್ರ ಒಬ್ಬರೂ ಕೇಳೋದಿಲ್ಲ. ಒಳಗೆ ಮಲಗಿರೋದು ಊರಿನ ಅರ್ಧ ಬಂಡವಾಳ. ಅದನ್ನು ಕಾಯೋ ಮಷೀನಿನ ಆರೋಗ್ಯ ವಿಚಾರಿಸೋರು ಮಾತ್ರ ಇಲ್ಲ.

ಕೋಲ್ಡ್ ಯಾಕೆ ಬೇಕಾಯ್ತು ಅನ್ನೋದು ಹೊಸಬರಿಗೆ ತಿಳಿದಿರಲಿ. ಡಬ್ಬಿಯಾಗಲಿ ಕಡ್ಡಿಯಾಗಲಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬರೋದು ಸಿಪ್ಪೆಯಲ್ಲಿರುವ ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳಿಂದ. ಬಿಸಿಲು, ಸೆಕೆ, ಗಾಳಿ ಮೂರೂ ಅದಕ್ಕೆ ವೈರಿಗಳೇ. ಫೆಬ್ರುವರಿಯಲ್ಲಿ ರಕ್ತಗೆಂಪಾಗಿದ್ದ ಕಾಯಿ ಹೊರಗಿನ ಗೋದಾಮಿನಲ್ಲಿ ಒಂದು ಬೇಸಿಗೆ ಕಳೆದರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ತೆಗೆಯೋ ಓಲಿಯೋರೆಸಿನ್ ಕಾರ್ಖಾನೆಯವರು ಕಣ್ಣಂದಾಜಿನ ಮೇಲೆ ಕೊಳ್ಳೋದಿಲ್ಲ. ಆಸ್ಟಾ ಅನ್ನೋ ಅಳತೆಯಲ್ಲಿ ಬಣ್ಣ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ, ಅದರಂತೆ ದರ ಹೇಳುತ್ತಾರೆ. 2011ರಲ್ಲಿ ಈ ಮೆಣಸಿನಕಾಯಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಬಂತು. ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಬಣ್ಣಕ್ಕೆ ರಕ್ಷಣೆ ಕೊಡೋದು ಕಾನೂನಿನ ಕೈಲಿಲ್ಲ, ಅದು ಕೋಲ್ಡಿನ ಕೆಲಸ. 4ರಿಂದ 8 ಡಿಗ್ರಿ ಸುತ್ತಮುತ್ತ ತಂಪು, ಹದವಾದ ತೇವ, ಕತ್ತಲು. ಇಷ್ಟಿದ್ದರೆ ಕಾಯಿ ತಿಂಗಳುಗಟ್ಟಲೆ ಬಂದ ಬಣ್ಣದಲ್ಲೇ ಇರುತ್ತದೆ.

ಇನ್ನೊಂದು ಕಾರಣ ಎಲ್ಲರಿಗೂ ಗೊತ್ತಿರೋದೇ: ದರ. ಸುಗ್ಗಿಯಲ್ಲಿ ಮಾಲು ಬಂದು ಬಿದ್ದಾಗ ದರ ಬೀಳುತ್ತದೆ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದ ಸಿಟ್ಟಿಗೆ ಎಪಿಎಂಸಿ ಕಚೇರಿಗೆ ಜನ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದಿದ್ದು ರಾಜ್ಯವೇ ನೋಡಿತು. ಅಂಥ ದಿನಗಳಲ್ಲಿ ಕಾಯಿಯನ್ನು ಮಣ್ಣಿನ ಬೆಲೆಗೆ ಮಾರದೆ ತಡೆದು ಇಟ್ಟುಕೊಳ್ಳೋ ಶಕ್ತಿ ರೈತನಿಗೆ ಬರೋದು ಕೋಲ್ಡಿನ ರಸೀದಿಯಿಂದ. ರಸೀದಿ ತೋರಿಸಿದರೆ ಬ್ಯಾಂಕಿನಲ್ಲಿ ಸಾಲವೂ ಸಿಗುತ್ತದೆ. ಹಾಗೆ ಇಟ್ಟ ಮಾಲು ಆರು ತಿಂಗಳಾದ ಮೇಲೆ ಬಣ್ಣಗೆಟ್ಟು ಹೊರಗೆ ಬಂದರೆ? ದರ ಏರಿದ್ದರೂ ರೈತನಿಗೆ ಏನು ಬಂತು? ಬಾಡಿಗೆ, ಬಡ್ಡಿ, ಹಮಾಲಿ ಎಲ್ಲಾ ಕಳೆದು ಕೈಗೆ ಚೀಲ ಜಾಡಿಸಿದ ಧೂಳು.

ತಂಪು ಎಲ್ಲಿಂದ ಬರುತ್ತೆ?

ಮಷೀನು ತಂಪನ್ನು ತಯಾರಿಸುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ತಂಪು ತಯಾರಿಸೋ ಮಷೀನು ಜಗತ್ತಿನಲ್ಲೇ ಇಲ್ಲ ಸ್ವಾಮಿ. ಅದು ಮಾಡೋದು ಹಮಾಲಿ ಕೆಲಸ: ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕೋದು. ಹೊರೋ ಹಮಾಲನ ಹೆಸರು ಅಮೋನಿಯಾ. ಬಯಲಿನಲ್ಲಿ ಬಿಟ್ಟರೆ ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿಯೋ ದ್ರವ ಅದು. ಕೋಣೆಯೊಳಗಿನ ಕಾಯಿಲುಗಳಲ್ಲಿ ಕುದಿಯುತ್ತಾ ಅಲ್ಲಿನ ಶಾಖ ಹೀರಿಕೊಳ್ಳುತ್ತದೆ, ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಎಳೆದು, ಒತ್ತಿ, ಬಿಸಿ ಮಾಡಿ ಕಂಡೆನ್ಸರಿಗೆ ದೂಡುತ್ತದೆ. ಅಲ್ಲಿ ನೀರು ಸುರಿದು ಶಾಖ ಕಳೆದ ಮೇಲೆ ಅದು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಇದೇ ಸುತ್ತು ಹಗಲೂ ರಾತ್ರಿ.

ಈ ಸುತ್ತಿನಲ್ಲಿ ಎಲ್ಲಿ ಕಸ ಸಿಕ್ಕಿಕೊಂಡರೂ ಹಮಾಲನ ಹೊರೆ ಹೆಚ್ಚುತ್ತದೆ. ಮಷೀನು ತಕ್ಷಣ ನಿಲ್ಲೋದಿಲ್ಲ, ಇದೇ ಇಲ್ಲಿನ ಮೋಸ. ಹೆಚ್ಚು ಹೊತ್ತು ಓಡುತ್ತೆ, ಹೆಚ್ಚು ಕರೆಂಟು ತಿನ್ನುತ್ತೆ, ಸ್ವಲ್ಪ ಹೆಚ್ಚು ಬಿಸಿಯಾಗುತ್ತೆ. ಮಾಲೀಕರು ಮೀಟರ್ ನೋಡಿ ಕರೆಂಟಿನವರನ್ನು ಬೈಯುತ್ತಾರೆ. "ಮಷೀನ್ ನಡೀತೈತಲ್ರಿ, ಈಗ್ಯಾಕ ಬಿಚ್ಚೋದು? ಇನ್ನೊಂದ್ ಸೀಜನ್ ದೂಡೋಣ ಬಿಡ್ರಿ" ಅನ್ನೋದು ಈ ಧಂದೆಯ ಸುಪ್ರಭಾತ.

ಮೊದಲು ಕಂಡೆನ್ಸರ್ ನೋಡಿ. ಈ ಭಾಗದ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಬಚ್ಚಲಿನ ಹಂಡೆಯನ್ನು ಕೇಳಿದರೆ ಹೇಳುತ್ತದೆ. ಹಂಡೆಯ ಒಳಗೆ ಹಿಡಿಯೋ ಆ ಬಿಳಿ ಸುಣ್ಣವೇ ಕಂಡೆನ್ಸರಿನ ಪೈಪುಗಳ ಮೇಲೂ ಹಿಡಿಯುತ್ತದೆ. ಪೈಪಿಗೆ ಕಂಬಳಿ ಹೊದಿಸಿದ ಹಾಗೆ. ಶಾಖ ಹೊರಗೆ ಹೋಗೋದು ಕಷ್ಟ, ಅಮೋನಿಯಾ ತಣಿಯೋ ಉಷ್ಣತೆ ಮೇಲೇರುತ್ತದೆ. ಅದು ಒಂದು ಡಿಗ್ರಿ ಏರಿದರೆ ಕಂಪ್ರೆಸರಿನ ಕರೆಂಟು ನೂರಕ್ಕೆ ಎರಡು-ಮೂರು ಭಾಗ ಏರುತ್ತದೆ ಅನ್ನೋದು ಈ ಕಸುಬಿನವರ ಹಳೇ ಲೆಕ್ಕ.

ಆ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡೋಣ. 75 ಎಚ್‌ಪಿಯ ಒಂದು ಮೋಟಾರು ಅಂತ ಇಟ್ಟುಕೊಳ್ಳಿ. ಪೂರ್ತಿ ಹೊರೆಯಲ್ಲಿ ಅದು ಗಂಟೆಗೆ 56 ಯೂನಿಟ್ ತಿನ್ನುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 16 ಗಂಟೆ ಓಡಿದರೆ 896 ಯೂನಿಟ್. ಸುಣ್ಣದ ದೆಸೆಯಿಂದ ಉಷ್ಣತೆ 5 ಡಿಗ್ರಿ ಏರಿ ನೂರಕ್ಕೆ 12 ಹೆಚ್ಚು ಖರ್ಚಾದರೆ ದಿನಕ್ಕೆ 107 ಯೂನಿಟ್ ಬೂದಿ. ನಾಲ್ಕು ತಿಂಗಳಿಗೆ ಹೆಚ್ಚುಕಮ್ಮಿ 12,900. ಯೂನಿಟ್ಟಿಗೆ 7 ರೂಪಾಯಿ ಅಂತಲೇ ಹಿಡಿದರೂ ತೊಂಬತ್ತು ಸಾವಿರ ರೂಪಾಯಿ. ಇದು ಒಂದೇ ಮೋಟಾರಿನ ಕಥೆ, ಒಂದೇ ಬೇಸಿಗೆಯದು. ಪೈಪು ತೊಳೆಸೋ ಕೂಲಿಗೆ ಚೌಕಾಸಿ ಮಾಡಿದ ಮಾಲೀಕರು ಈ ತೊಂಬತ್ತು ಸಾವಿರವನ್ನು ಯಾರ ಹತ್ತಿರವೂ ಚೌಕಾಸಿ ಮಾಡದೆ ಕಟ್ಟುತ್ತಾರೆ.

ಎರಡನೇದು ಗಾಳಿ. ಮಷೀನು ಬಿಚ್ಚಿ ಕಟ್ಟಿದಾಗ, ಗ್ಲ್ಯಾಂಡು ಸಡಿಲಾದಾಗ ಪೈಪಿನೊಳಗೆ ಗಾಳಿ ಸೇರುತ್ತದೆ. ಅದು ಅಮೋನಿಯಾದ ಹಾಗೆ ದ್ರವವಾಗೋದಿಲ್ಲ; ಕಂಡೆನ್ಸರಿನಲ್ಲಿ ಬೇಡದ ನೆಂಟನ ಹಾಗೆ ಠಿಕಾಣಿ ಹೂಡಿ ಒತ್ತಡ ಏರಿಸುತ್ತದೆ. ಹಳೇ ಆಪರೇಟರುಗಳಿಗೆ ಇದಕ್ಕೊಂದು ಸರಳ ಪರೀಕ್ಷೆ ಗೊತ್ತು. ಪರ್ಜ್ ಪೈಪಿನ ತುದಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ವಾಲ್ವನ್ನು ಕೂದಲೆಳೆಯಷ್ಟು ತೆರೆಯೋದು. ಬರೋದು ಅಮೋನಿಯಾ ಆದರೆ ಚಟಪಟ ಅಂತ ನೀರಿನಲ್ಲೇ ಕರಗಿ ಹೋಗುತ್ತದೆ. ಗಾಳಿಯಾದರೆ ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತದೆ. ಗುಳ್ಳೆ ನಿಂತಿತು ಅಂದರೆ ಗಾಳಿ ಹೋಯ್ತು. ಒಂದು ಬಕೆಟ್ ನೀರು, ಅರ್ಧ ಗಂಟೆಯ ತಾಳ್ಮೆ. ಆದರೆ ಮಾಡೋನಿಗೆ ಕಸುಬು ಗೊತ್ತಿರಬೇಕು, ಮುಖಕ್ಕೆ ಮಾಸ್ಕು, ಕೈಗೆ ಗವಸು ಇರಬೇಕು.

ಮೂರನೇದು ಎಣ್ಣೆ. ಕಂಪ್ರೆಸರಿನ ಎಣ್ಣೆ ಆವಿಯ ಜೊತೆ ಸ್ವಲ್ಪ ಸ್ವಲ್ಪ ಜಾರಿ ಹೋಗಿ ಕಾಯಿಲುಗಳ ತಳದಲ್ಲಿ ಕೂರುತ್ತದೆ. ಅಮೋನಿಯಾಕ್ಕಿಂತ ಅದು ಭಾರ, ಅದರಲ್ಲಿ ಬೆರೆಯೋದೂ ಇಲ್ಲ. ಆಗಾಗ ಹೊರತೆಗೆಯದಿದ್ದರೆ ಕಾಯಿಲಿನ ಅಷ್ಟು ಭಾಗ ಇದ್ದೂ ಇಲ್ಲದ ಹಾಗೆ. ಇನ್ನು ಕಾಯಿಲಿನ ಹೊರಮೈಗೆ ಹಿಡಿಯೋ ಹಿಮ. ಹೊಸಬರು ಅದನ್ನು ನೋಡಿ "ಭಾರೀ ಕೋಲ್ಡ್ ಐತಿ" ಅಂತ ಹಿಗ್ಗುತ್ತಾರೆ. ಹಿಮ ದಪ್ಪವಾದಷ್ಟೂ ಕೋಣೆಗೆ ತಂಪು ತಲುಪೋದು ಕಮ್ಮಿ. ಅದನ್ನು ಕರಗಿಸಿ ಇಳಿಸಬೇಕು, ಇಳಿದ ನೀರು ಚೀಲದ ಮೇಲೆ ಬೀಳದಂತೆ ಹೊರಗೆ ಹೋಗಬೇಕು.

ಬಾಗಿಲ ವಿಷಯ ಹೇಳಿದರೆ ನಗು ಬರುತ್ತೆ. ಲಕ್ಷಗಟ್ಟಲೆಯ ಕಂಪ್ರೆಸರ್ ತಂದವರು ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ ಹರಿದಿದ್ದರೆ ಗೋಣಿತಾಟು ತುರುಕಿರುತ್ತಾರೆ. ಲೋಡಿಂಗ್ ದಿನ ಬಾಗಿಲು ಹಾಕಿ ತೆಗೆದು ಮಾಡೋಕೆ ಬೇಜಾರು. ಒಂದು ಇಟ್ಟಿಗೆ ಒತ್ತಾಗಿಟ್ಟು ಬೆಳಗಿನಿಂದ ಸಂಜೆವರೆಗೆ ಹಾರುಹೊಡೆದಿರುತ್ತಾರೆ. ಏಪ್ರಿಲ್ ತಿಂಗಳ ಬಿಸಿಗಾಳಿ ಒಳಗೆ ಹಾಯಾಗಿ ಅಡ್ಡಾಡಿಕೊಂಡು ಬರುತ್ತದೆ.

ಒಂದೇ ಶಾಯಿಯ ಪುಸ್ತಕ

ಪ್ರತಿ ಕೋಲ್ಡಿನ ಮಷೀನ್ ರೂಮಿನಲ್ಲೂ ಲಾಗ್ ಪುಸ್ತಕ ಇರಬೇಕು. ಗಂಟೆಗೊಮ್ಮೆಯೋ ಎರಡು ಗಂಟೆಗೊಮ್ಮೆಯೋ ಕೋಣೆಯ ಡಿಗ್ರಿ, ಒತ್ತಡ, ಎಣ್ಣೆ, ಆಂಪಿಯರ್ ಬರೆದಿಡಬೇಕು. ಪುಸ್ತಕವೇನೋ ಇರುತ್ತದೆ. ಕೆಲವು ಕಡೆ ಅದನ್ನು ತೆರೆದರೆ ಮಧ್ಯಾಹ್ನ ಎರಡು ಗಂಟೆಗೂ 5 ಡಿಗ್ರಿ, ಬೆಳಗಿನ ಜಾವ ನಾಲ್ಕಕ್ಕೂ 5 ಡಿಗ್ರಿ, ಕರೆಂಟು ಹೋದ ದಿನವೂ 5 ಡಿಗ್ರಿ. ಒಂದೇ ಕೈ, ಒಂದೇ ಶಾಯಿ. ಶಿಫ್ಟು ಮುಗಿಯೋ ಹೊತ್ತಿಗೆ ಕೂತು ಬರೆದ ಕಾದಂಬರಿ ಅದು!

ನಿಜವಾಗಿ ಬರೆದ ಪುಸ್ತಕ ಮಾಲೀಕನ ಪಾಲಿಗೆ ಬಂಗಾರ. ಹೋದ ವರ್ಷ ಇದೇ ತಿಂಗಳು, ಇಷ್ಟೇ ಮಾಲು ಇದ್ದಾಗ ಮಷೀನು ದಿನಕ್ಕೆ 12 ಗಂಟೆ ಓಡುತ್ತಿತ್ತು, ಈ ವರ್ಷ 15 ಗಂಟೆ ಓಡುತ್ತಿದೆ ಅಂದರೆ ಎಲ್ಲೋ ರೋಗ ಹೊಕ್ಕಿದೆ ಅಂತಲೇ ಅರ್ಥ. ಡಾಕ್ಟರು ನಾಡಿ ನೋಡೋ ಹಾಗೆ. ಬೇರಿಂಗ್ ಸಿಡಿಯೋಕೆ ಮೊದಲು ಸದ್ದು ಬದಲಾಗುತ್ತದೆ, ಬಿಸಿ ಏರುತ್ತದೆ. ಆಗ ಹಿಡಿದರೆ ಹೋಗೋದು ಒಂದು ಬೇರಿಂಗ್. ಬಿಟ್ಟರೆ ಶಾಫ್ಟು, ಪಿಸ್ಟನ್ನು ಎಲ್ಲಾ ಹೋಗಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಿಡಿಭಾಗ ಬರೋವರೆಗೆ ಕೈ ಕಟ್ಟಿ ಕೂರಬೇಕು. ಅದೂ ಮೇ ತಿಂಗಳಲ್ಲಿ, ಕೋಣೆ ತುಂಬ ಮಾಲು ಇಟ್ಟುಕೊಂಡು. ಮಷೀನು ಕೈಕೊಡೋದು ಅದರ ಮೇಲೆ ಹೊರೆ ಹೆಚ್ಚಿರೋ ದಿನವೇ ಅಲ್ಲವೇ? ಡಿಸೆಂಬರಿನ ಚಳಿಯಲ್ಲಿ ಯಾವ ಕೋಲ್ಡೂ ಕೆಡೋದಿಲ್ಲ.

ಡಿಗ್ರಿ ಏರಿಳಿದಾಗ ಕಾಯಿಗೇನಾಗುತ್ತೆ? ಬಣ್ಣ ಮಾಸೋದು ನಿಧಾನದ ಕೆಲಸ, ಹೊರಗೆ ಬಂದಾಗಲೇ ಗೊತ್ತಾಗೋದು. ಬೆವರು ಮಾತ್ರ ಬೇಗ. ತಣ್ಣಗಿದ್ದ ಚೀಲಕ್ಕೆ ಬಿಸಿಗಾಳಿ ತಗುಲಿದರೆ ತಂಬಿಗೆಯ ಹೊರಮೈ ಒದ್ದೆಯಾದ ಹಾಗೆ ನೀರು ಕೂರುತ್ತದೆ. ತೇವ ನೂರಕ್ಕೆ 11-12 ದಾಟಿದ ಕಾಯಿಗೆ ಬೂಸ್ಟು ಹಿಡಿಯೋಕೆ ಹೆಚ್ಚು ಕಾಲ ಬೇಡ. ಬೂಸ್ಟಿನ ಹಿಂದೆಯೇ ಅಫ್ಲಾಟಾಕ್ಸಿನ್ ವಿಷದ ಭಯ. ರಫ್ತಿನವರು ಅಂಥ ಮಾಲನ್ನು ಮುಟ್ಟೋದೂ ಇಲ್ಲ. ಆಗ ಕೋಲ್ಡಿನವರು "ನೀವು ತಂದಾಗಲೇ ಹಸಿ ಇತ್ರಿ" ಅಂತಾರೆ, ರೈತ "ಒಣಗಿಸೇ ತಂದಿದ್ದೆ" ಅಂತಾನೆ. ತಂದ ದಿನ ತೇವ ಅಳೆದು ರಸೀದಿಯಲ್ಲಿ ಬರೆದಿದ್ದರೆ, ಲಾಗ್ ಪುಸ್ತಕ ನಿಜವಾಗಿದ್ದರೆ ಜಗಳ ಐದು ನಿಮಿಷದ್ದು. ಎರಡೂ ಇಲ್ಲದ ಕಡೆ ಜಗಳ ದಲಾಲಿ ಅಂಗಡಿಯಿಂದ ಕೋರ್ಟಿನ ತನಕ ಹೋಗುತ್ತದೆ, ಸೋಲೋನು ಯಾರು ಅಂತ ಹೇಳಬೇಕಿಲ್ಲ.

ಮೂಗು ಹೇಳೋ ಮಾತು

ಇಷ್ಟು ಹೊತ್ತೂ ಹೇಳಿದ್ದು ದುಡ್ಡಿನ ಮಾತು. ಜೀವದ ಮಾತು ಬೇರೆ ಇದೆ.

ಅಮೋನಿಯಾ ಒಳ್ಳೇ ಕೆಲಸಗಾರ, ಆದರೆ ಪೈಪಿನೊಳಗಿರೋ ತನಕ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಹತ್ತಿಪ್ಪತ್ತು ಭಾಗ ಸೇರಿದರೇ ಮೂಗು ಹಿಡಿದುಬಿಡುತ್ತದೆ. 300 ಭಾಗ ಮುಟ್ಟಿತು ಅಂದರೆ ಪ್ರಾಣಕ್ಕೆ ಸಂಚಕಾರ. ಕಣ್ಣು, ಗಂಟಲು, ಪುಪ್ಪುಸ, ಎಲ್ಲಿ ಒದ್ದೆಯಿದೆಯೋ ಅಲ್ಲಿಗೇ ನುಗ್ಗಿ ಸುಡುತ್ತದೆ. ಮುಚ್ಚಿದ ಕೋಣೆಯಲ್ಲಿ ನೂರಕ್ಕೆ ಹದಿನೈದರ ಮೇಲೆ ತುಂಬಿಕೊಂಡರೆ ಕಿಡಿ ತಗುಲಿ ಸಿಡಿಯಲೂಬಹುದು. 2017ರ ಮಾರ್ಚಿನಲ್ಲಿ ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯ ಶಿವರಾಜಪುರದ ಕಡೆ ಆಲೂಗಡ್ಡೆ ಕೋಲ್ಡ್ ಸ್ಟೋರೇಜೊಂದರಲ್ಲಿ ಅಮೋನಿಯಾ ಅನಾಹುತವಾಗಿ ಕಟ್ಟಡವೇ ಕುಸಿದು ಕಾರ್ಮಿಕರು ಸತ್ತರು. 2023ರ ಆಗಸ್ಟಿನಲ್ಲಿ ನಮ್ಮದೇ ರಾಜ್ಯದ ಮಂಗಳೂರು ಬೈಕಂಪಾಡಿಯ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಗ್ಯಾಸು ಸೋರಿ ಹಲವು ಕಾರ್ಮಿಕರು ಆಸ್ಪತ್ರೆ ಸೇರಿದರು. ದೂರದ ಸುದ್ದಿ ಅಂತ ಪುಟ ತಿರುವೋ ಹಾಗಿಲ್ಲ. ಅಲ್ಲಿನ ಪೈಪಿನಲ್ಲಿದ್ದ ಗ್ಯಾಸೇ ಇಲ್ಲಿನ ಪೈಪಿನಲ್ಲೂ ಇರೋದು.

ಸೋರಿಕೆ ಅನ್ನೋದು ಒಂದು ದಿನ ಆಕಾಶದಿಂದ ಬೀಳೋದಲ್ಲ. ತುಕ್ಕು ಹಿಡಿದ ಪೈಪು, ವರ್ಷಗಟ್ಟಲೆ ಬದಲಿಸದ ಗ್ಯಾಸ್ಕೆಟ್ಟು, ಪರೀಕ್ಷೆ ಕಾಣದ ಸೇಫ್ಟಿ ವಾಲ್ವು ಮೊದಲೇ ಸುಳಿವು ಕೊಟ್ಟಿರುತ್ತವೆ. ಗಂಧಕದ ಬತ್ತಿ ಹಚ್ಚಿ ಜಾಯಿಂಟುಗಳ ಹತ್ತಿರ ಹಿಡಿದರೆ ಸಣ್ಣ ಸೋರಿಕೆಯೂ ಬಿಳಿ ಹೊಗೆಯಾಗಿ ಕಾಣುತ್ತದೆ. ಎಣ್ಣೆ ಇಳಿಸೋ ಕೆಲಸ ಎಲ್ಲಕ್ಕಿಂತ ಅಪಾಯದ್ದು: ಎಣ್ಣೆ ಮುಗಿದ ಕೂಡಲೇ ಹಿಂದೆ ಅಮೋನಿಯಾ ದಬದಬ ಬರುತ್ತದೆ. ಕೈಬಿಟ್ಟರೆ ತಾನಾಗಿ ಮುಚ್ಚಿಕೊಳ್ಳೋ ಸ್ಪ್ರಿಂಗ್ ವಾಲ್ವು ಅಲ್ಲಿ ಇರಲೇಬೇಕು. ವಾಲ್ವು ತೆರೆದಿಟ್ಟು ಬೀಡಿ ಸೇದೋಕೆ ಹೋದರೆ ವಾಪಸು ಬರೋ ಹೊತ್ತಿಗೆ ರೂಮೇ ಇರೋದಿಲ್ಲ.

ಗ್ಯಾಸು ಬಂದರೆ ಮೊದಲು ಸಿಕ್ಕಿಕೊಳ್ಳೋದು ಯಾರು? ಕೋಣೆಯ ಮೇಲಿನ ಅಟ್ಟದಲ್ಲಿ ಚೀಲ ಜೋಡಿಸ್ತಾ ಇರೋ ಹಮಾಲರು. ಅವರಿಗೆ ಹೊರಬಾಗಿಲು ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತಿರಬೇಕು, ಬಾಗಿಲು ಒಳಗಿನಿಂದ ತೆರೆಯೋ ಹಾಗಿರಬೇಕು. ಗಾಳಿ ಬೀಸೋ ದಿಕ್ಕಿಗೆ ಓಡಿದರೆ ಗ್ಯಾಸೂ ಜೊತೆಗೇ ಓಡಿ ಬರುತ್ತದೆ. ಗಾಳಿಗೆ ಎದುರಾಗಿ ಇಲ್ಲವೇ ಅಡ್ಡಕ್ಕೆ ಓಡಬೇಕು. ಬಾಯಿ-ಮೂಗಿಗೆ ಒದ್ದೆ ಬಟ್ಟೆ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷವಾದರೂ ನೀರಿನಿಂದ ತೊಳೀತಾನೇ ಇರಬೇಕು, ಆಮೇಲೆ ಆಸ್ಪತ್ರೆ. ನೆಲದ ಮೇಲೆ ದ್ರವ ಅಮೋನಿಯಾ ನಿಂತಿದ್ದರೆ ಅದರ ಮೇಲೆ ನೀರು ಸುರೀಬಾರದು, ಇನ್ನೂ ಜೋರಾಗಿ ಕುದ್ದು ಎದ್ದು ಬರುತ್ತದೆ. ಇವನ್ನೆಲ್ಲ ಹಮಾಲರಿಗೆ ವರ್ಷಕ್ಕೊಮ್ಮೆಯಾದರೂ ಕೂರಿಸಿ ಹೇಳಿದ ಮಾಲೀಕರು ಎಷ್ಟು ಮಂದಿ, ಅವರವರೇ ಎದೆ ಮುಟ್ಟಿ ನೋಡಿಕೊಳ್ಳಲಿ. ಗ್ಯಾಸ್ ಮಾಸ್ಕು ಇದೆಯಲ್ಲ ಅನ್ನೋರೂ ಇದ್ದಾರೆ. ಇದೆ, ಆಫೀಸಿನ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರ್ ಸಮೇತ. ಬೀಗದ ಕೈ ಮ್ಯಾನೇಜರ್ ಜೇಬಿನಲ್ಲಿ.

ಊರೊಳಗಿನ ಅಂಗಡಿಕಾರರೂ ಕೋಲ್ಡಿನವರನ್ನು ನೋಡಿ ನಗಬೇಕಾಗಿಲ್ಲ. ಬಟ್ಟೆ ಅಂಗಡಿಯ ಏಸಿ ಫಿಲ್ಟರಿನಲ್ಲಿ ಧೂಳು ಕಂಬಳಿಯ ಹಾಗೆ ಕೂತಿರುತ್ತೆ. ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿದು ತೊಳೆಯೋ ಕೆಲಸ ಅದು, ಕಾಸಿನ ಖರ್ಚಿಲ್ಲ. ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿ ಇನ್ಸುಲಿನ್, ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಅದರ ಪಕ್ಕದಲ್ಲೇ ಕೂಲ್‌ಡ್ರಿಂಕ್ಸ್ ಬಾಟ್ಲಿ ಇಟ್ಟು ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದರೆ ಔಷಧಿ ನೀರಾಗುತ್ತದೆ. ರೋಗಿಗೆ ಅದು ಗೊತ್ತೇ ಆಗೋದಿಲ್ಲ.

ಮಷೀನು ನೋಡಿಕೊಳ್ಳೋರೇ ಸಿಗೋದಿಲ್ಲ ಅನ್ನೋದು ಮಾಲೀಕರ ದೂರು. ಪೂರ್ತಿ ಸುಳ್ಳಲ್ಲ. ಐಟಿಐಯಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡೀಷನಿಂಗ್ ಅಂತ ಎರಡು ವರ್ಷದ ಕೋರ್ಸೇ ಇದೆ. ಕಲಿತು ಬಂದ ಹುಡುಗರು ಇಲ್ಲಿ ಯಾಕೆ ನಿಲ್ಲೋದಿಲ್ಲ ಅಂತ ಕೇಳಿದರೆ ಉತ್ತರ ಸಂಬಳದ ಚೀಟಿಯಲ್ಲಿದೆ. ಕೋಟಿಗಟ್ಟಲೆ ಮಾಲಿನ ಜವಾಬ್ದಾರಿ ಹೊತ್ತು ರಾತ್ರಿಯೆಲ್ಲಾ ಎದ್ದಿರೋ ಆಪರೇಟರನಿಗೆ ಕೊಡೋ ದುಡ್ಡನ್ನು ಗೇಟಿನ ವಾಚ್‌ಮನ್ ದುಡ್ಡಿನ ಜೊತೆ ತೂಗಿದರೆ ಬುದ್ಧಿವಂತ ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ.

ಬಿಚ್ಚಿ ತೊಳೆಯೋಕೆ ಕಾಲ ಯಾವುದು ಅಂತ ಪಂಚಾಂಗ ನೋಡಬೇಕಾಗಿಲ್ಲ. ಹೊಸ ಮಾಲು ಬರೋದು ಡಿಸೆಂಬರ್ ಕಳೆದ ಮೇಲೆ. ದಸರೆಯಿಂದ ಆಚೆಗೆ ಹಳೇ ಮಾಲು ಖಾಲಿಯಾಗ್ತಾ ಬರುತ್ತದೆ, ಹೊರಗೂ ಚಳಿ ಶುರುವಾಗಿರುತ್ತದೆ. ಎಲ್ಲಾ ಕೋಣೆ ಖಾಲಿಯಾಗದಿದ್ದರೂ ಉಳಿದ ಚೀಲಗಳನ್ನು ಒಂದು ಕಡೆ ಒಟ್ಟಿ, ಒಂದೊಂದೇ ಕೋಣೆ, ಒಂದೊಂದೇ ಕಂಪ್ರೆಸರ್ ಕೆಲಸಕ್ಕೆ ತೆಗೆದುಕೊಳ್ಳಬಹುದು. ಒತ್ತಡದ ಪಾತ್ರೆಗಳ ಪರೀಕ್ಷೆ, ಸೇಫ್ಟಿ ವಾಲ್ವು, ಕಂಡೆನ್ಸರಿನ ಸುಣ್ಣ, ಬಾಗಿಲ ರಬ್ಬರು ಎಲ್ಲಾ ಆ ಎರಡು ತಿಂಗಳಲ್ಲಿ ಮುಗಿಯೋ ಕೆಲಸ. ಜನವರಿಯಲ್ಲಿ ಚೀಲ ಇಡೋಕೆ ಬರೋ ರೈತ ಬಾಡಿಗೆ ಎಷ್ಟು ಅಂತ ಕೇಳೋಕೆ ಮುಂಚೆ "ಲಾಗ್ ಪುಸ್ತಕ ತಗೀರಿ, ಮಷೀನ್ ಬಿಚ್ಚಿದ್ದು ಯಾವಾಗ್ರಿ?" ಅಂತ ಕೇಳಲಿ. ಕೇಳೋಕೆ ಯಾರ ಅಪ್ಪಣೆಯೂ ಬೇಕಿಲ್ಲ, ಒಳಗೆ ಇಡೋ ಮಾಲು ಅವನದೇ.